ತೊಟ್ಟಿಮನೆಯಲ್ಲಿ ಮನೆಮಂದಿಗೆಲ್ಲ ವಿಜ್ಞಾನ, ಚಿತ್ತಾರ: ನನ್ನ ಅನುಭವ

ಸಾಗರ ಸೀಮೆಯಲ್ಲಿರುವ ನಮ್ಮ ಯಜಮಾನರ ಕಡೆಯ ಹಳೆಯ ತೊಟ್ಟಿಮನೆಯಲ್ಲಿ (ನಡುವೆ ತೊಟ್ಟಿ, ಅಂದರೆ ತೆರೆದ ಅಂಗಳವಿರುವ ಮನೆ), ತಂದೆತಾಯಿ ಮಕ್ಕಳು ಒಟ್ಟಿಗೆ ಕೈಹಾಕಿ ಮಾಡುವ ವಿಜ್ಞಾನ ಮತ್ತು ಚಿತ್ರಕಲೆಯ ಭಾನುವಾರಗಳನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಆರಂಭದಲ್ಲಿ ಇದು ನಡೆಯುವುದಿಲ್ಲ ಎಂದವರೇ ಹೆಚ್ಚು. ಬೇಸಿಗೆ ಶಿಬಿರ ನಡೆಸಿ ಪಳಗಿದ ಪರಿಚಿತರೊಬ್ಬರು, "ಆ ಮನೆಗೆ ಜನ ಕಡುಬು ತಿನ್ನಲು ಬರುತ್ತಾರೆ ಮಾರಾಯರೇ, ಪಾಠ ಕೇಳಲು ಯಾರೂ ಬರುವುದಿಲ್ಲ" ಎಂದಿದ್ದರು. ಅವರ ತಂಡದವರೇ ಈಗ ನನ್ನಲ್ಲಿಗೆ ಬಂದು ಹೇಗೆ ಮಾಡುತ್ತೀರಿ ಎಂದು ಕೇಳುವಂತಾಗಿರುವುದರಿಂದ, ಇಂಥ ಕೆಲಸದಲ್ಲಿ ಈಗಾಗಲೇ ತೊಡಗಿರುವವರಿಗೆ ಉಪಯೋಗವಾಗಬಹುದಾದಷ್ಟನ್ನು ಬರೆಯುತ್ತಿದ್ದೇನೆ. ಪ್ರಯೋಗಗಳ ಹಿಂದಿನ ತತ್ತ್ವ ನಿಮಗೆಲ್ಲ ಗೊತ್ತಿರುವುದೇ ಆದ್ದರಿಂದ ಅದನ್ನು ವಿವರಿಸುವುದಿಲ್ಲ.

ಮೊದಲ ವರ್ಷ ಪೇಟೆಯಿಂದ ತರಿಸಿದ ಕಿಟ್‌ಗಳಿಗೆ ಸುಮಾರು ನಲವತ್ತು ಸಾವಿರ ರೂಪಾಯಿ ಹೋಯಿತು. ಪ್ಲಾಸ್ಟಿಕ್ಕಿನ ಸೂಕ್ಷ್ಮದರ್ಶಕಗಳು, ಬ್ಯಾಟರಿ ಮೋಟರುಗಳು, ಬಣ್ಣದ ಗಾಜುಗಳು ಎಲ್ಲವನ್ನೂ ಜಗುಲಿಯ ಮೇಲೆ ಸಾಲಾಗಿ ಜೋಡಿಸಿಟ್ಟೆ. ಮಕ್ಕಳು ಒಂದು ಗಂಟೆ ಆಡಿದರು, ದೊಡ್ಡವರು ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಮೊಬೈಲು ನೋಡಿದರು, ಊಟವಾದ ಮೇಲೆ ಎಲ್ಲರೂ ಜೋಗದ ಕಡೆಗೆ ಹೊರಟುಹೋದರು. ಅದೇ ಕಿಟ್ಟು ಅವರ ಫ್ಲ್ಯಾಟಿನಲ್ಲೂ ನಡೆಯುತ್ತದೆ, ಅದಕ್ಕಾಗಿ ಈ ಮನೆಯವರೆಗೆ ಬರಬೇಕಾದ ಅಗತ್ಯವಿಲ್ಲ. ಮಳೆಗಾಲ ಬಂದಾಗ ಆ ಮೋಟರುಗಳಲ್ಲಿ ಅರ್ಧಕ್ಕರ್ಧ ತುಕ್ಕು ಹಿಡಿದವು, ಎರಡನೆಯ ಸುತ್ತಿಗೆ ಮೂರೋ ನಾಲ್ಕೋ ಕುಟುಂಬಗಳು ಬಂದವು. ಅನಂತರ ನಾನು ಎರಡು ನಿಯಮ ಹಾಕಿಕೊಂಡೆ. ಈ ಮನೆಯಲ್ಲೇ ಆಗಬೇಕಾದ ಕೆಲಸವನ್ನು ಮಾತ್ರ ಇಟ್ಟುಕೊಳ್ಳುವುದು ಒಂದು. ಮಗು ಒಬ್ಬನೇ ಮಾಡಲಾರದ, ದೊಡ್ಡವರೂ ಒಬ್ಬರೇ ಮಾಡಲಾರದ ಹಾಗೆ ಪ್ರತಿ ಕೆಲಸವನ್ನೂ ಕಟ್ಟುವುದು ಇನ್ನೊಂದು. ಮುಂದೆ ಹೇಳುವುದೆಲ್ಲ ಈ ಎರಡರ ವಿಸ್ತಾರ.

ಎಲ್ಲಕ್ಕಿಂತ ಹೆಚ್ಚು ಹೆಸರು ತಂದದ್ದು ಮೆತ್ತಿನ, ಅಂದರೆ ಮಹಡಿಯ ಮೇಲಿನ ಕತ್ತಲೆ ಕೋಣೆ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ತಲೆಕೆಳಗಾದ ಬಿಂಬವನ್ನು ನೋಡದವರು ಕಡಿಮೆ, ಆದರೆ ಅದನ್ನು ತಾವೇ ಮಾಡಿದವರು ಇನ್ನೂ ಕಡಿಮೆ. ಮೆತ್ತಿನ ಪಶ್ಚಿಮದ ಕಿಟಕಿಗೆ ಹಲಗೆ ಬಡಿದು, ಗಾಜಿನ ಹೆಂಚುಗಳ ಕೆಳಗೆ ಕಪ್ಪು ಬಟ್ಟೆ ಕಟ್ಟಿ, ಹಲಗೆಯಲ್ಲಿ ಪೆನ್ಸಿಲ್ ದಪ್ಪದ ತೂತು ಕೊರೆದೆವು. ಬಿಂಬವೇನೋ ಬಿತ್ತು, ಆದರೆ ಮಬ್ಬಾಗಿತ್ತು. ತೂತು ಕಿರಿದಾದರೆ ಚಿತ್ರ ಸ್ಪಷ್ಟವಾಗಿ ಬೆಳಕು ಸಾಯುತ್ತಿತ್ತು, ಹಿರಿದಾದರೆ ಬೆಳಕು ಬಂದು ಚಿತ್ರ ಕಲಸಿಹೋಗುತ್ತಿತ್ತು. ಕೊನೆಗೆ ಸಾಗರದ ಕನ್ನಡಕದ ಅಂಗಡಿಯಿಂದ ಪ್ಲಸ್ ಅರ್ಧ ಪವರಿನ, ಇನ್ನೂ ಫ್ರೇಮಿಗೆ ಕತ್ತರಿಸದ ಗಾಜೊಂದನ್ನು ಇನ್ನೂರು ರೂಪಾಯಿಯೊಳಗೆ ತಂದು ತೂತಿಗೆ ಕೂರಿಸಿ, ನಾಣ್ಯದಗಲದಷ್ಟು ಮಾತ್ರ ತೆರೆದಿಟ್ಟೆ. ಅದರ ಸಂಗಮದೂರ (ಫೋಕಲ್ ಲೆಂಗ್ತ್) ಎರಡು ಮೀಟರ್, ಅಂದರೆ ಪರದೆಯನ್ನು ಕಿಟಕಿಯಿಂದ ಆರೂವರೆ ಅಡಿ ದೂರದಲ್ಲಿ ಹಿಡಿದರೆ ಅಡಿಕೆ ತೋಟದ ಗರಿಗಳು ಗಾಳಿಗೆ ಅಲ್ಲಾಡುವುದು ಕೂಡ ಬಣ್ಣಸಮೇತ ಕಾಣುತ್ತದೆ. ಕಿಟಕಿ ಪಶ್ಚಿಮಕ್ಕಿರುವುದರಿಂದ ಇದನ್ನು ಬೆಳಿಗ್ಗೆಯೇ ಮುಗಿಸಬೇಕು, ಏಕೆಂದರೆ ಸೂರ್ಯ ಮನೆಯ ಬೆನ್ನಿಗಿದ್ದು ತೋಟದ ಮುಖದ ಮೇಲೆ ಬಿಸಿಲು ಬಿದ್ದಿರಬೇಕು. ಒಳಗೆ ಬಂದವರನ್ನು ಹತ್ತು ನಿಮಿಷ ಸುಮ್ಮನೆ ಕೂರಿಸುವುದು ಕಡ್ಡಾಯ. ಕಣ್ಣು ಕತ್ತಲೆಗೆ ಒಗ್ಗುವ ಮುಂಚೆ ಪರದೆ ತೋರಿಸಿದರೆ, "ಏನೂ ಕಾಣುವುದಿಲ್ಲವಲ್ಲ" ಎಂಬ ಮಾತು ಒಬ್ಬರ ಬಾಯಿಂದ ಬಂದು ಇಡೀ ಕೋಣೆಗೆ ಹರಡುತ್ತದೆ.

ಪರದೆ ಹಿಡಿಯುವುದು ದೊಡ್ಡವರ ಕೆಲಸ. ಮರದ ಚೌಕಟ್ಟಿಗೆ ಟ್ರೇಸಿಂಗ್ ಕಾಗದ ಅಂಟಿಸಿ ಅಪ್ಪ ಅಮ್ಮ ಎರಡು ಕಡೆ ಹಿಡಿದು ಹಿಂದೆ ಮುಂದೆ ಸರಿಸಿ ಬಿಂಬ ನಿಲ್ಲಿಸುತ್ತಾರೆ. ಮುಂದೆ ನಿಂತು ಬರೆದರೆ ಮಗುವಿನ ತಲೆಯೇ ಬೆಳಕಿಗೆ ಅಡ್ಡ ಬರುವುದರಿಂದ ಮಗು ಕಾಗದದ ಹಿಂಬದಿಯಿಂದ ಬಿಂಬದ ಗೆರೆಗಳ ಮೇಲೆ ಪೆನ್ಸಿಲ್ ಎಳೆಯುತ್ತದೆ. ಕೆಳಗೆ ಬಂದು ಕಾಗದವನ್ನು ನೆಟ್ಟಗೆ ತಿರುಗಿಸಿದಾಗ, ಹೊರಗೆ ಎಡಕ್ಕಿರುವ ಕೊಟ್ಟಿಗೆ ಚಿತ್ರದಲ್ಲೂ ಎಡಕ್ಕೇ ಇರುತ್ತದೆ. ಮುಂದುಗಡೆ ನಿಂತು ಚೌಕಟ್ಟು ಹಿಡಿದಿದ್ದ ಅಪ್ಪನು, ಕತ್ತು ಓರೆ ಮಾಡಿ ನೋಡಿದಾಗ ಕೊಟ್ಟಿಗೆಯನ್ನು ಬಲಕ್ಕೇ ಕಂಡೆ ಎಂದು ಸಾಧಿಸುತ್ತಾನೆ. ಮಗು ತನ್ನ ಕಾಗದವನ್ನೇ ಮುಂದೆ ಹಿಡಿಯುತ್ತದೆ. ಇಬ್ಬರದೂ ಸರಿ ಎಂಬುದನ್ನು ನಾನು ಹೇಳುವುದಿಲ್ಲ, ಮತ್ತೆ ಮೆತ್ತು ಹತ್ತಿ ನೋಡಿ ಬನ್ನಿ ಎನ್ನುತ್ತೇನೆ. ಹೀಗೆ ಜಗಳವಾಡುತ್ತಾ ಏಣಿ ಹತ್ತಿ ಇಳಿಯುವ ಮನೆಮಂದಿಯನ್ನು ನೋಡಿದ ಮೇಲೆ, ಅಲ್ಲಿಯವರೆಗೆ ಮೂಗು ಮುರಿಯುತ್ತಿದ್ದ ನಮ್ಮ ಭಾವನವರು ತಾವೇ ಹಲಗೆಗೆ ತಿರುಗಣಿ ಮುಚ್ಚಳ ಮಾಡಿಸಿಕೊಟ್ಟರು.

ನಡುಮಧ್ಯಾಹ್ನದ ಕೆಲಸ ತೊಟ್ಟಿಯಲ್ಲಿ. ಗಾರೆಯವರ ತೂಗುಗುಂಡನ್ನು ಮೇಲಿನಿಂದ ಇಳಿಬಿಟ್ಟು, ಅದರ ದಾರದ ನೆರಳನ್ನು ಐದೈದು ನಿಮಿಷಕ್ಕೊಮ್ಮೆ ಬಳಪದಿಂದ ಗುರುತಿಸುವುದು. ನೆರಳು ಉತ್ತರ ದಕ್ಷಿಣದ ಗೆರೆಗೆ ಬಂದಾಗ ಮೊಬೈಲಿನಲ್ಲಿ ಹನ್ನೆರಡು ಆಗಿರುವುದಿಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಸಾಗರ ಇರುವುದು ಸುಮಾರು 75ರಲ್ಲಿ, ಆದ್ದರಿಂದ ನಮ್ಮ ಸೂರ್ಯ ಸರಾಸರಿ ಅರ್ಧ ಗಂಟೆ ತಡ. ಅದೂ ಫೆಬ್ರವರಿ ನಡುವಿನಲ್ಲಿ 12.44ರ ಹತ್ತಿರಕ್ಕೆ ಹೋಗುತ್ತದೆ, ನವೆಂಬರ್ ಮೊದಲಲ್ಲಿ 12.14ಕ್ಕೇ ಬರುತ್ತದೆ. ಮೊದಮೊದಲು ಇದಕ್ಕೆ ಯಾರೂ ಕಾಯುತ್ತಿರಲಿಲ್ಲ. ನೆರಳು ಗೆರೆ ಮುಟ್ಟಿದ ಮೇಲೆಯೇ ಎಲೆ ಹಾಕುವುದು ಎಂದು ನಮ್ಮತ್ತೆ ಕಟ್ಟುನಿಟ್ಟು ಮಾಡಿದ ದಿನದಿಂದ ತೊಟ್ಟಿಯ ಸುತ್ತ ಜಾಗ ಸಾಲದಾಗಿದೆ.

ಸೂರಿನ ನೆರಳು ಇನ್ನೊಂದು ಕೆಲಸಕ್ಕೆ ಬರುತ್ತದೆ. ದಕ್ಷಿಣದ ಸೂರು ತೊಟ್ಟಿಯ ನೆಲದಿಂದ ಎಂಟಡಿ ಎತ್ತರದಲ್ಲಿರುವುದರಿಂದ ಡಿಸೆಂಬರ್ ಕೊನೆಯ ಮಧ್ಯಾಹ್ನ ಅದರ ನೆರಳು ಆರಡಿಯಷ್ಟು ಒಳಗೆ ಬಂದಿರುತ್ತದೆ, ದಿನ ಕಳೆದಂತೆ ಹಿಂದೆ ಸರಿದು ಏಪ್ರಿಲ್ 28ರ ಆಸುಪಾಸಿನಲ್ಲಿ ಸೂರಿನ ಕೆಳಗೇ ನಿಲ್ಲುತ್ತದೆ, ಮೇ ತಿಂಗಳಲ್ಲಿ ಎದುರಿನ, ಅಂದರೆ ಉತ್ತರದ ಸೂರಿನ ನೆರಳು ತೊಟ್ಟಿಗೆ ಕಾಲಿಡುತ್ತದೆ. ಬಂದ ಪ್ರತಿ ಕುಟುಂಬವೂ ಆ ದಿನದ ನೆರಳಿನಂಚಿನಲ್ಲಿ ತೊಟ್ಟಿಯ ಕಲ್ಲಿಗೆ ಎಣ್ಣೆಬಣ್ಣದ ಚುಕ್ಕಿಯಿಟ್ಟು ತಾರೀಖು ಬರೆಯುತ್ತದೆ. ತಮ್ಮ ಚುಕ್ಕಿ ನೋಡಲೆಂದೇ ಬೇರೆ ಋತುವಿನಲ್ಲಿ ಮತ್ತೆ ಬಂದವರು ಸಾಕಷ್ಟಿದ್ದಾರೆ, ಜಾಹೀರಾತಿಗೆ ಇಷ್ಟು ಅಗ್ಗದ ದಾರಿ ನನಗೆ ಬೇರೆ ಸಿಕ್ಕಿಲ್ಲ. ಏಪ್ರಿಲ್ 28ರಂತೆ ಸೂರ್ಯ ನೆತ್ತಿಗೇ ಬರುವ, ನೆರಳಿಲ್ಲದ ಎರಡನೆಯ ದಿನ ಆಗಸ್ಟ್ ಮಧ್ಯದಲ್ಲಿ ಬರುತ್ತದೆಯಾದರೂ ಆಗ ಇಲ್ಲಿ ಸೂರ್ಯನೇ ಇರುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಳೆಗಾಲದಲ್ಲಿ ಬಾಗಿಲು ಹಾಕಿಬಿಡಿ ಎಂದು ಎಲ್ಲರೂ ಹೇಳಿದ್ದರು, ನಾನು ಹಾಕಲಿಲ್ಲ. ಆಗುಂಬೆಯ ವಾರ್ಷಿಕ ಮಳೆ 7000 ಮಿಲಿಮೀಟರ್ ದಾಟುತ್ತದೆ ಎಂಬುದು ಪುಸ್ತಕದಲ್ಲಿ ಒಂದು ಅಂಕಿ ಮಾತ್ರ. ತೊಟ್ಟಿಯ ಕಡೆಗೆ ಇಳಿಯುವ ಮಾಡಿನ ಉದ್ದಗಲವನ್ನು ಟೇಪಿನಲ್ಲಿ ಅಳೆದು, ನೇರ ಅಂಚಿನ ಡಬ್ಬಿಯಲ್ಲಿ ಮಳೆ ಹಿಡಿದು, ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್ ಎಂದು ಗುಣಿಸಿದರೆ, ನಮ್ಮ ಎಪ್ಪತ್ತು ಚದರ ಮೀಟರಿನ ಮಾಡಿನಿಂದ ಐವತ್ತು ಮಿಲಿಮೀಟರ್ ಮಳೆಗೆ ಮೂರೂವರೆ ಸಾವಿರ ಲೀಟರ್ ನೀರು ತೊಟ್ಟಿಗಿಳಿದು ಬಚ್ಚಲ ದಾರಿ ಹಿಡಿದಿರುತ್ತದೆ. ಬೆಂಗಳೂರಿನಲ್ಲಿ ನೀರಿನ ಟ್ಯಾಂಕರಿಗೆ ಹಣ ಕೊಡುವವರಿಗೆ ಈ ಲೆಕ್ಕ ತಕ್ಷಣ ನಾಟುತ್ತದೆ.

ಇನ್ನು ಚೊಗರಿನ ಶಾಯಿ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಬಣ್ಣದ ನೀರಾದ ಚೊಗರು ನಮ್ಮಲ್ಲಿ ಪುಕ್ಕಟೆ, ಹೆಗ್ಗೋಡಿನ ಬಳಿ ಭೀಮನಕೋಣೆಯ ‘ಚರಕ’ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆಗಳಿಂದಾಗಿ ಅದರ ಬಣ್ಣವೂ ನಾಡಿಗೆ ಪರಿಚಿತ. ಚೊಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ ಎಂಬುದು ಅಡಿಕೆ ಸುಲಿದ ಕತ್ತಿಯನ್ನು ನೋಡಿದವರಿಗೆಲ್ಲ ಗೊತ್ತು. ತುಕ್ಕು ಹಿಡಿದ ಮೊಳೆಗಳನ್ನು ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿದ ಪ್ರಯೋಗ ವಾಸನೆಯಿಂದಾಗಿ ಕೊಟ್ಟಿಗೆಗೆ ವರ್ಗವಾಯಿತು, ಅನ್ನದ ಗಂಜಿಯಲ್ಲಿಟ್ಟದ್ದು ಪರವಾಗಿಲ್ಲ. ಆದರೆ ಒಂದೇ ದಿನದಲ್ಲಿ ಮುಗಿಯಬೇಕಾದ್ದರಿಂದ ಗೊಬ್ಬರದ ಅಂಗಡಿಯ ಅನ್ನಭೇದಿಯನ್ನೇ (ಕಬ್ಬಿಣದ ಸಲ್ಫೇಟ್) ಬಳಸುತ್ತೇನೆ, ಅದನ್ನು ಮುಟ್ಟುವುದು ದೊಡ್ಡವರು ಮಾತ್ರ. ಬರೆದಾಗ ಬೂದು ಬಣ್ಣವಿದ್ದ ಅಕ್ಷರ ಗಾಳಿಗೆ ಕಪ್ಪೇರುತ್ತಾ ಹೋಗುತ್ತದೆ. ಇದಕ್ಕಿಂತ ಚೆನ್ನಾಗಿರುವುದು ಇದರ ತಿರುವು: ಕಾಗದಕ್ಕೆಲ್ಲ ಶಾಯಿ ಬಳಿದು ಒಣಗಿಸಿ, ಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಬರೆದರೆ ಗೆರೆಯುದ್ದಕ್ಕೂ ಕಪ್ಪು ಕರಗಿ ಚೊಗರಿನ ಕಂದು ತೆರೆದುಕೊಳ್ಳುತ್ತದೆ. ಬಟ್ಟೆಯ ಮೇಲೆ ಬಿದ್ದ ಚೊಗರಂತೂ ಹೋಗುವುದಿಲ್ಲ. ಒಳ್ಳೆಯ ರೇಷ್ಮೆ ಸೀರೆಯುಟ್ಟು ಬಂದಿದ್ದ ಒಬ್ಬರಿಗೆ ಸೀರೆಯ ಅರ್ಧ ಬೆಲೆ ಕೊಟ್ಟು ಕಳುಹಿಸಿದ ಮೇಲೆ, ಹಳೆಯ ಬಟ್ಟೆ ಧರಿಸಿ ಬನ್ನಿ ಎಂಬ ಸಾಲನ್ನು ಆಮಂತ್ರಣದ ಮೊದಲಿಗೇ ಹಾಕಿದ್ದೇನೆ. ಅರಿಶಿನ ಸುಣ್ಣದ ಓಕುಳಿ, ದಾಸವಾಳದ ರಸದ ಪರೀಕ್ಷೆಗಳನ್ನು ಎಲ್ಲರೂ ಮಾಡುತ್ತಾರಾದ್ದರಿಂದ ಬರೆಯುವುದಿಲ್ಲ.

ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ನಾನು ಕಲಿಸುವುದಿಲ್ಲ. ಅದು ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ, ಆದ್ದರಿಂದ ಪಕ್ಕದ ಊರಿನ ಹಿರಿಯ ಚಿತ್ತಾರಗಿತ್ತಿಯೊಬ್ಬರನ್ನೇ ಕರೆಸುತ್ತೇನೆ. ಬಣ್ಣದ ಡಬ್ಬಿ ತಂದಿಟ್ಟ ಮೊದಲ ಸಲ ಅವರು ಅದನ್ನು ಮುಟ್ಟಲಿಲ್ಲ. ಕೆಮ್ಮಣ್ಣಿನ ನೆಲ, ನೆನೆಸಿ ರುಬ್ಬಿದ ಅಕ್ಕಿಯ ಬಿಳಿ, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ: ಇಷ್ಟೇ ಸಾಕು ಎಂದರು. ಅಳತೆಪಟ್ಟಿಯನ್ನೂ ಒಪ್ಪಲಿಲ್ಲ. ಎರಡು ತುದಿಯ ಚುಕ್ಕಿಗಳ ನಡುವೆ ಅವರು ಎಳೆಯುವ ಎಳೆಯನ್ನು ಆಮೇಲೆ ಅಳತೆಪಟ್ಟಿ ಇಟ್ಟು ನೋಡಿದ ಎಂಜಿನಿಯರ್ ಅಪ್ಪಂದಿರು ಮಾತಿಲ್ಲದೆ ನೆಲದ ಮೇಲೆ ಕುಳಿತು ಅಕ್ಕಿ ರುಬ್ಬಿದ್ದಾರೆ. ಹಳೆಯ ಗೋಡೆಗೆ ಕೈ ಹಚ್ಚಬಾರದೆಂದು ನಾವು ಪ್ಲೈವುಡ್ ತುಂಡುಗಳಿಗೆ ಕೆಮ್ಮಣ್ಣು ಬಳಿದು ಕೊಡುತ್ತೇವೆ. ಬರೀ ಮಣ್ಣು ಬಳಿದದ್ದು ಒಣಗಿ ಬಿರುಕು ಬಿಟ್ಟಿತು, ಸಗಣಿ ಸೇರಿಸಿದ್ದು ಹಿಡಿದರೂ ಕಾರಿನಲ್ಲಿ ಬೆಂಗಳೂರು ತಲುಪುವಷ್ಟರಲ್ಲಿ ಅಂಚು ಉದುರಿತು. ಈಗ ಉದುರುವುದಿಲ್ಲ. ಅದಕ್ಕೆ ಏನು ಸೇರಿಸುತ್ತೇವೆಂಬುದನ್ನು ಇಲ್ಲಿ ಹೇಳುವುದಿಲ್ಲ, ಆ ಉಪಾಯ ಚಿತ್ತಾರಗಿತ್ತಿಯವರದು, ಬಂದವರಿಗೆ ಅವರೇ ತೋರಿಸುತ್ತಾರೆ.

ಹಣದ ಮಾತು. ಮೊದಲು ಮಗುವಿಗೆ ಮುನ್ನೂರು ರೂಪಾಯಿ, ದೊಡ್ಡವರಿಗೆ ಉಚಿತ ಎಂದಿಟ್ಟಿದ್ದೆ, ಉಚಿತವಾಗಿ ಬಂದವರು ಉಚಿತವಾಗಿಯೇ ಕುಳಿತರು. ಈಗ ನಾಲ್ವರ ಕುಟುಂಬಕ್ಕೆ ಊಟ ಸೇರಿ ಸಾವಿರದ ಇನ್ನೂರು, ಒಂದು ಭಾನುವಾರಕ್ಕೆ ಎಂಟು ಕುಟುಂಬ, ಒಂಬತ್ತನೆಯದಕ್ಕೆ ಮೆತ್ತಿನಲ್ಲಿ ಜಾಗವಿಲ್ಲ. ಚಿತ್ತಾರಗಿತ್ತಿಯವರಿಗೆ ಸಾವಿರದ ಐನೂರು, ಅಡುಗೆಗೆ ಬರುವ ಇಬ್ಬರಿಗೆ ತಲಾ ಆರುನೂರು, ದಿನಸಿ ಮತ್ತು ಸಾಮಾನು ಎಲ್ಲ ಸೇರಿ ಐದೂವರೆ ಸಾವಿರ ಖರ್ಚು ಕಳೆದು ನಾಲ್ಕು ಸಾವಿರದಷ್ಟು ಉಳಿಯುತ್ತದೆ. ದೊಡ್ಡ ಮೊತ್ತವೇನಲ್ಲ. ಆದರೆ ಹಳೆಯ ಮನೆಯಿದ್ದವರಿಗೆ ವರ್ಷವರ್ಷವೂ ಹೆಂಚು ಕೈಯಾಡಿಸುವ ಖರ್ಚು ಗೊತ್ತು. ಹೆಂಚಿನಡಿಯ ಮರದ ರೀಪು ಪಟ್ಟಿ ಬದಲಿಸುವುದೂ ಸೇರಿದರೆ ನಮ್ಮ ಮನೆಗೆ ಮೂವತ್ತೈದು ಸಾವಿರಕ್ಕೆ ಕಡಿಮೆಯಿಲ್ಲ, ಕಳೆದ ಎರಡು ವರ್ಷ ಅದನ್ನು ಅಡಿಕೆಯ ದುಡ್ಡಿನಿಂದ ತೆಗೆದಿಲ್ಲ. ತೊಟ್ಟಿಯ ಕೆತ್ತನೆಯ ಕಂಬಗಳನ್ನು ಎರಡೂವರೆ ಲಕ್ಷಕ್ಕೆ ಕೇಳಿಕೊಂಡು ಬಂದಿದ್ದ ವ್ಯಾಪಾರಿಯನ್ನು ಭಾವನವರು ಈ ಸಲ ಜಗುಲಿಯಲ್ಲೇ ಮಾತಾಡಿಸಿ ಕಳುಹಿಸಿದರು.

ಸದ್ಯಕ್ಕೆ ಕೈಯಲ್ಲಿರುವುದು ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಚಿ, ಬಳಪದಿಂದ ಬರೆಯುವ ಹಳೆಯ ಲೆಕ್ಕದ ಪುಸ್ತಕ. ಸರಿ ತೆಳುವಾದರೆ ಇದ್ದಿಲು ಕೈಗೆ ಹತ್ತುತ್ತದೆ, ದಪ್ಪವಾದರೆ ಮಡಿಕೆಯಲ್ಲಿ ಮುರಿಯುತ್ತದೆ. ಎರಡು ತೆಳುವಾದ ಲೇಪ ಕೊಟ್ಟು ನಡುವೆ ನುಣುಪುಗಲ್ಲಿನಿಂದ ಉಜ್ಜಿದ್ದು ಚೆನ್ನಾಗಿ ಬಂದಿತ್ತು, ಜುಲೈ ತಿಂಗಳಲ್ಲಿ ಅದಕ್ಕೂ ಬೂಷ್ಟು ಹಿಡಿಯಿತು. ಅದನ್ನೀಗ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವ ಕಡೆ ತೂಗುಹಾಕಿದ್ದೇನೆ. ದೀಪಾವಳಿಯ ಹೊತ್ತಿಗೆ ಅದು ತಡೆದುಕೊಂಡಿದ್ದರೆ ನವೆಂಬರಿನ ಭಾನುವಾರಗಳಿಗೆ ಸೇರಿಸುತ್ತೇನೆ, ಶುಲ್ಕವನ್ನು ಇನ್ನೂರು ರೂಪಾಯಿ ಏರಿಸಬೇಕಾಗುತ್ತದೆ.