ಕಲಬುರಗಿಯಿಂದ ಸೌರಾಷ್ಟ್ರಕ್ಕೆ ಮೋಟರ್‌ಹೋಮ್: ಹಜೀರಾದಲ್ಲಿ ಹಡಗು ಹತ್ತುವುದೋ, ಕೊಲ್ಲಿ ಸುತ್ತಿ ಹೋಗುವುದೋ

ಕಲಬುರಗಿಯಿಂದ ಸೂರತ್‌ವರೆಗೆ ದೊಡ್ಡ ಪ್ರಶ್ನೆ ಏನೂ ಇಲ್ಲ. ಸೂರತ್ ಮುಟ್ಟಿದ ಮೇಲೆ ಖಂಭಾತ್ ಕೊಲ್ಲಿ ಅಡ್ಡ ಬರುತ್ತದೆ. ಸುತ್ತಿ ಹೋಗುವವರು ಭರೂಚ್, ವಡೋದರಾ, ವಟಾಮಣ್ ಹಾದು ಭಾವನಗರಕ್ಕೆ ಇಳಿಯಬೇಕು. ದಾಟಿ ಹೋಗುವವರು ಹಜೀರಾದಲ್ಲಿ ಗಾಡಿ ಸಮೇತ ಹಡಗು ಹತ್ತಿ ಆಚೆ ದಡದ ಘೋಘಾದಲ್ಲಿ ಇಳಿಯಬೇಕು. ರಸ್ತೆ ಸುಮಾರು 370 ಕಿ.ಮೀ., ನೀರಿನ ದಾರಿ 90 ಕಿ.ಮೀ., ಪ್ರಯಾಣ ಸುಮಾರು ನಾಲ್ಕು ತಾಸು. ಅಂಕಿ ನೋಡಿದ ಕೂಡಲೇ ಹಡಗೇ ಸೈ ಅನಿಸುತ್ತದೆ. ನಮ್ಮ ಲೆಕ್ಕ ಕಡೆಗೆ ಬಂದು ನಿಂತದ್ದು ಹೋಗುವಾಗ ಹಡಗು, ಬರುವಾಗ ರಸ್ತೆ ಎಂಬಲ್ಲಿ. ಅದೂ ಎಲ್ಲ ಊರಿಗೆ ಅಲ್ಲ.

ಮೊದಲು ಎಲ್ಲಿಗೆ ಹೊರಟಿದ್ದೀರಿ ನೋಡಿ. ಪಾಲಿತಾಣಾ, ದೀವ್, ಸಾಸಣ್ ಗಿರ್, ಸೋಮನಾಥ ಆದರೆ ಘೋಘಾದಲ್ಲಿ ಇಳಿದವರಿಗೆ ಪೂರ್ತಿ ಲಾಭ. ಪಾಲಿತಾಣಾ ಅಲ್ಲಿಂದ ಎಪ್ಪತ್ತು ಕಿ.ಮೀ. ಒಳಗೇ ಇದೆ, ದೀವ್ ಹತ್ತಿರ ಹತ್ತಿರ 200. ದ್ವಾರಕಾ ಆದರೆ ಉಳಿತಾಯ ಸುಮಾರು 250 ಕಿ.ಮೀ.ಗೆ ಇಳಿಯುತ್ತದೆ, ಯಾಕೆಂದರೆ ಘೋಘಾದಿಂದ ಮತ್ತೆ ರಾಜ್‌ಕೋಟ್, ಜಾಮ್‌ನಗರ ಹಿಡಿದು ನಾನೂರು ಕಿ.ಮೀ. ಓಡಿಸಲೇಬೇಕು. ಕಚ್ಛಕ್ಕೆ ಹೋಗುವವರು ಹಡಗಿನ ವಿಚಾರ ಬಿಟ್ಟುಬಿಡಿ. ಹಡಗಿಗೆ ಕಾಯುವ ಹೊತ್ತಿನಲ್ಲಿ ಗಾಡಿ ವಡೋದರಾ ದಾಟಿರುತ್ತದೆ.

ಎರಡನೆಯದು ದುಡ್ಡು. ಸಾಮಾನು ತುಂಬಿದ ಟ್ರಾವೆಲರ್ ಮಾದರಿಯ ಕ್ಯಾಂಪರ್ (ಮಲಗಲು, ಅಡುಗೆಗೆ ಅಣಿ ಮಾಡಿದ ವ್ಯಾನು) ಲೀಟರಿಗೆ 10 ಕಿ.ಮೀ. ಕೊಡುತ್ತದೆ ಎಂದು ಹಿಡಿಯಿರಿ. 370 ಕಿ.ಮೀ.ಗೆ 37 ಲೀಟರ್. ಲೀಟರಿಗೆ 90 ರೂ. ಎಂದರೆ 3,330 ರೂ. ಟೈರು, ಆಯಿಲ್, ಬ್ರೇಕ್ ಸವೆತಕ್ಕೆ ಕಿ.ಮೀ.ಗೆ ಎರಡು ರೂಪಾಯಿ ಎಂದು 740. ಅದಕ್ಕೆ ಟೋಲ್ ಸೇರಿಸಿ, ದಾರಿಯಲ್ಲಿ ಒಂದು ಹೊತ್ತಿನ ಊಟ ಸೇರಿಸಿ. ಆಚೆ ಕಡೆಗೆ ಗಾಡಿಯ ಟಿಕೆಟ್ ಮತ್ತು ಮಂದಿಯ ಟಿಕೆಟ್ ಕೂಡಿಸಿ. ಹಡಗಿನ ಒಟ್ಟು ಬಿಲ್ಲು ರಸ್ತೆ ಖರ್ಚಿನ ಒಂದೂವರೆ ಪಟ್ಟಿನ ಒಳಗಿದ್ದರೆ ನಾವು ಹತ್ತುತ್ತೇವೆ, ಎರಡು ಪಟ್ಟು ದಾಟಿದರೆ ರಸ್ತೆ. ನಡುವೆ ಬಂದರೆ ಗಾಡಿ ಓಡಿಸುವವರು ಎಷ್ಟು ಜನ ಎಂಬುದು ತೀರ್ಮಾನಿಸುತ್ತದೆ. ಇಬ್ಬರಿದ್ದರೆ ರಸ್ತೆ. ಒಬ್ಬರೇ ಇದ್ದು ಹಿಂದಿನ ಎರಡು ದಿನ ಅವರೇ ಓಡಿಸಿದ್ದರೆ, ನಾಲ್ಕು ತಾಸು ಕಾಲು ಚಾಚುವುದಕ್ಕೂ ಒಂದು ಬೆಲೆ ಇದೆ.

ಎಲ್ಲರೂ ಎಡವುವುದು ಮೂರನೆಯದರಲ್ಲಿ, ಅಂದರೆ ಹೊತ್ತಿನಲ್ಲಿ. ನಾಲ್ಕು ತಾಸು ಎಂಬುದು ನೀರಿನ ಮೇಲಿನ ಹೊತ್ತು ಮಾತ್ರ. ಸಾಲಿನಲ್ಲಿ ನಿಲ್ಲುವುದಕ್ಕೆ ಎರಡು ತಾಸು, ಇಳಿದು ಹೊರಬೀಳಲು ಮುಕ್ಕಾಲು ತಾಸು ಸೇರಿಸಿದರೆ ಏಳರ ಹತ್ತಿರ. ರಸ್ತೆಯಲ್ಲಿ ಕ್ಯಾಂಪರ್ ವೇಗಕ್ಕೆ ಎಂಟು–ಒಂಬತ್ತು ತಾಸು. ವ್ಯತ್ಯಾಸ ಅಷ್ಟೇ. ನೀವು ಮಧ್ಯಾಹ್ನ ಸೂರತ್ ಮುಟ್ಟಿ, ಅಷ್ಟರಲ್ಲಿ ಅವತ್ತಿನ ಹಡಗು ಬಿಟ್ಟಿದ್ದರೆ ಉಳಿತಾಯ ಸೊನ್ನೆಗಿಂತ ಕೆಳಗೆ. ಅದಕ್ಕೇ ಲೆಕ್ಕವನ್ನು ಮನೆಯಿಂದ ಮುಂದಕ್ಕೆ ಹಾಕಬಾರದು, ಹಡಗು ಬಿಡುವ ಹೊತ್ತಿನಿಂದ ಹಿಂದಕ್ಕೆ ಹಾಕಬೇಕು. ಬೆಳಗಿನ ಹಡಗು ಇದೆ ಎಂದುಕೊಳ್ಳಿ. ಹಿಂದಿನ ರಾತ್ರಿ ಸೂರತ್ ಆಸುಪಾಸು ಮುಕ್ಕಾಂ. ಅದರ ಹಿಂದಿನ ರಾತ್ರಿ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಅಥವಾ ಪುಣೆ. ಅಂದರೆ ಕಲಬುರಗಿ ಬಿಡುವುದು ಹಡಗಿನ ಎರಡು ದಿನ ಮೊದಲು, ಬೆಳಿಗ್ಗೆ. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹೊರಡುವ ವಾರ ಮತ್ತೊಮ್ಮೆ ನೋಡಲೇಬೇಕು.

ಸೂರತ್‌ವರೆಗಿನ ದಾರಿಯ ಬಗ್ಗೆ ಎರಡೇ ಮಾತು. ಕಲಬುರಗಿಯವರು ಅಫಜಲಪುರ, ಅಕ್ಕಲಕೋಟ ಮೇಲೆ ಸೊಲ್ಲಾಪುರ ಸೇರುತ್ತಾರೆ. ಯಾದಗಿರಿಯವರದೂ ಅದೇ ದಾರಿ. ಬೀದರಿನವರು ಹುಮನಾಬಾದಿಗೆ ಬಂದು ಹೆದ್ದಾರಿ 65 ಹಿಡಿದರಾಯಿತು. ಸೊಲ್ಲಾಪುರದಿಂದ ಪುಣೆ–ಠಾಣೆ ಮೇಲೆ ಹೋದರೂ, ಅಹಿಲ್ಯಾನಗರ–ನಾಸಿಕ್–ಸಾಪುತಾರಾ ಮೇಲೆ ಹೋದರೂ ಕಲಬುರಗಿಯಿಂದ ಒಟ್ಟು 750ರಿಂದ 800 ಕಿ.ಮೀ. ಶನಿವಾರ–ಭಾನುವಾರ ಸಿಕ್ಕರೆ ಠಾಣೆ ಕಡೆ ಹೋಗಬೇಡಿ. ಸಾಪುತಾರಾ ಘಾಟ್ ಇಳಿಯುವಾಗ ಎರಡನೇ ಗೇರು ಬಿಡಬೇಡಿ. ಬ್ರೇಕ್ ಮೇಲೆಯೇ ಇಳಿಸಿದರೆ ಲೈನರ್ ಕಾದು ಪೆಡಲ್ ಮೆತ್ತಗಾಗುತ್ತದೆ. ಖಾಲಿ ಟ್ರಾವೆಲರ್ ಓಡಿಸಿ ರೂಢಿ ಇದ್ದವರಿಗೆ ತುಂಬಿದ ಕ್ಯಾಂಪರ್‌ನ ತೂಕ ಘಾಟಿನಲ್ಲೇ ಗೊತ್ತಾಗುವುದು.

ತೂಕ ಅಂದೆನಲ್ಲ. ಹೊರಡುವ ಮುಂಚೆ ಒಂದು ಸಲ ಕಾಟಾ ಮಾಡಿಸಿ. ಇದಕ್ಕೆ ಕಲಬುರಗಿಯಷ್ಟು ಅನುಕೂಲದ ಊರು ಇಲ್ಲ. ಹುಮನಾಬಾದ್ ರಸ್ತೆಯಲ್ಲಿ ಕಪನೂರಿನ ಕಡೆ ತೊಗರಿ ಲೋಡು ತೂಗುವ ವೇಬ್ರಿಜ್‌ಗಳಿವೆ. ನೀರು, ಸಿಲಿಂಡರ್, ಸೈಕಲ್, ಹಾಸಿಗೆ ಎಲ್ಲ ತುಂಬಿ, ಮಂದಿ ಕೂತು ತೂಗಿಸಬೇಕು. ಮೊದಲು ಪೂರ್ತಿ ಗಾಡಿ, ಆಮೇಲೆ ಹಿಂಗಾಲಿ ಮಾತ್ರ ಕಾಟಾ ಮೇಲೆ ನಿಲ್ಲಿಸಿ ಇನ್ನೊಂದು ಸಲ. ಒಟ್ಟು ತೂಕ ಆರ್‌ಸಿಯಲ್ಲಿ ಬರೆದದ್ದನ್ನು ಮೀರಬಾರದು. ಹಿಂಗಾಲಿ ಮೇಲೆ ಜಾಸ್ತಿ ಬಿದ್ದಿದ್ದರೆ ನೀರನ್ನು ಅರ್ಧಕ್ಕೆ ಇಳಿಸಿ. 80 ಲೀಟರ್ ಟ್ಯಾಂಕ್ ಅಂದರೆ 80 ಕೆಜಿ, ಅದನ್ನು ಊರಿಂದಲೇ ಹೊತ್ತು ಒಯ್ಯುವ ಅಗತ್ಯ ಇಲ್ಲ.

ತೂಗಿದ ಮೇಲೆ, ಅದೇ ಲೋಡಿನಲ್ಲಿ, ಟೇಪು ಹಿಡಿದು ಮೂರು ಅಳತೆ ತಗೊಳ್ಳಿ. ಸೈಕಲ್ ಸ್ಟ್ಯಾಂಡ್ ಸೇರಿ ಉದ್ದ, ರೂಫ್ ಎಸಿ ಸೇರಿ ಎತ್ತರ, ಮತ್ತು ಹಿಂಬದಿಯ ಬಾಲ, ಅಂದರೆ ಹಿಂಗಾಲಿಯ ಆಚೆ ಚಾಚಿದ ಭಾಗ. ಮೊದಲಿನ ಎರಡು ಬುಕಿಂಗಿಗೆ ಬೇಕು. ಟಿಕೆಟಿನ ಪಟ್ಟಿಯಲ್ಲಿ ಕಾರು, ಟೆಂಪೊ, ಬಸ್ಸು, ಲಾರಿ ಇರುತ್ತವೆ, ಕ್ಯಾಂಪರ್ ಎಂಬ ಸಾಲು ಸಿಗದಿರಬಹುದು. ಕಾರು ಎಂದು ಬುಕ್ ಮಾಡಿಕೊಂಡು ಹೋದರೆ ಗೇಟಿನಲ್ಲಿ ವ್ಯತ್ಯಾಸ ಕಟ್ಟಬೇಕಾಗುತ್ತದೆ, ಜಾಗ ಇಲ್ಲದಿದ್ದರೆ ಮುಂದಿನ ಹಡಗಿಗೆ ಕಾಯಬೇಕಾಗುತ್ತದೆ. ಮೊದಲೇ ಫೋನ್ ಮಾಡಿ ಉದ್ದ–ಎತ್ತರ ಹೇಳಿ, ಯಾವ ದರ್ಜೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ಟಿಕೆಟಿನಲ್ಲಿ ಚಾಲಕ ಸೇರಿದ್ದಾನೋ ಇಲ್ಲವೋ ಅದನ್ನೂ ಕೇಳಿ.

ಮೂರನೆಯ ಅಳತೆ ಹಡಗು ಹತ್ತುವ ಇಳಿಜಾರು ರ್‍ಯಾಂಪಿಗೆ. ಏರುವಾಗ ಬಾಲ ತಾಗುತ್ತದೆ, ಇಳಿಯುವಾಗ ಮೂತಿ ತಾಗುತ್ತದೆ, ದಿಬ್ಬದ ತಲೆಯಲ್ಲಿ ಹೊಟ್ಟೆ ತಾಗುತ್ತದೆ. ಹೆಚ್ಚಾಗಿ ಹಾಳಾಗುವುದು ಬಾಲ. ಹಿಂಗಾಲಿ ನೆಲ ಮುಟ್ಟುವ ಜಾಗದಿಂದ ಹಿಂಬದಿ ತುದಿಯವರೆಗೆ 160 ಸೆಂ.ಮೀ., ಆ ತುದಿ ನೆಲದಿಂದ 45 ಸೆಂ.ಮೀ. ಮೇಲಿದೆ ಎಂದುಕೊಳ್ಳಿ. ಗಾಡಿ ತಾಗದೆ ಏರಬಲ್ಲ ಕೋನ ಸುಮಾರು 16 ಡಿಗ್ರಿ. ಅದೇ ಎತ್ತರದಲ್ಲಿ 60 ಸೆಂ.ಮೀ. ಚಾಚುವ ಸೈಕಲ್ ಸ್ಟ್ಯಾಂಡ್ ಕೂಡಿಸಿದರೆ ಉದ್ದ 220 ಆಗಿ ಕೋನ 12ಕ್ಕೆ ಬೀಳುತ್ತದೆ. ಲೋಡಿಗೆ ಪಾಟಾ (ಆಕ್ಸಲ್ ಮೇಲಿನ ಸ್ಪ್ರಿಂಗ್ ಪಟ್ಟಿ) ಕುಗ್ಗಿ ಬಾಲ 5 ಸೆಂ.ಮೀ. ಇಳಿದರೆ 10 ಡಿಗ್ರಿ ಚಿಲ್ಲರೆ. ಅಂದರೆ ಒಂದು ಸೈಕಲ್ ಸ್ಟ್ಯಾಂಡ್ ಮತ್ತು ಒಂದಿಷ್ಟು ಸಾಮಾನು ಸೇರಿ ಐದು ಡಿಗ್ರಿಗೂ ಹೆಚ್ಚು ತಿಂದುಹಾಕಿದವು. ಖಂಭಾತ್ ಕೊಲ್ಲಿಯಲ್ಲಿ ನೀರು ಏರಿಳಿಯುವುದು ಮನುಷ್ಯರ ಎತ್ತರದಷ್ಟಲ್ಲ, ಮನೆಯ ಎತ್ತರದಷ್ಟು. ದೇಶದಲ್ಲೇ ಅತಿ ಹೆಚ್ಚು ಉಬ್ಬರ ಬರುವ ಜಾಗ ಅದು. ನೀರಿನ ಜೊತೆಗೆ ಏರಿಳಿಯುವ ಸೇತುವೆಯ ಏರ್ಪಾಡು ಇದ್ದರೂ ಇಳಿತದ ಹೊತ್ತಿಗೆ ಇಳಿಜಾರು ಕಡಿದಾಗುತ್ತದೆ. ಹಾಗಾಗಿ ಸಾಲಿನಲ್ಲಿ ನಿಂತಾಗಲೇ ಸೈಕಲ್ ಬಿಚ್ಚಿ ಒಳಗೆ ಹಾಕಿ, ಸ್ಟ್ಯಾಂಡ್ ಮಡಚಿ. ಕೊಳೆನೀರಿನ ಟ್ಯಾಂಕಿನ ವಾಲ್ವ್ ಗಾಡಿಯ ಹೊಟ್ಟೆಯಿಂದ ಕೆಳಗೆ ಜೋತು ಬಿದ್ದಿದ್ದರೆ ಅದಕ್ಕೊಂದು ಕಬ್ಬಿಣದ ಪಟ್ಟಿಯ ರಕ್ಷೆ ಮಾಡಿಸಿ. ಮುರಿದರೆ ಮೊದಲು ಮುರಿಯುವುದು ಅದೇ. ರ್‍ಯಾಂಪ್ ಮೇಲೆ ಮೊದಲನೇ ಗೇರು, ನಡಿಗೆಯ ವೇಗ, ನಡುವೆ ನಿಲ್ಲಿಸುವುದಿಲ್ಲ. ಮುಂದಿನ ಗಾಡಿ ಪೂರ್ತಿ ಒಳಗೆ ಹೋಗುವವರೆಗೆ ಕೆಳಗೇ ಕಾಯಿರಿ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ.

ಕೊಂಕಣದ ದಾಭೋಳ್–ಧೋಪಾವೆ, ಜಯಗಡ್–ತವಸಾಳ್, ದಿಘಿ–ಆಗರದಾಂಡಾ ಮುಂತಾದ ಸಣ್ಣ ಫೆರಿಗಳಿಗೆ ಈ ಲೆಕ್ಕ ಇನ್ನೂ ಮುಖ್ಯ. ಅಲ್ಲಿ ಗಾಡಿ ಇಳಿಸುವುದು ಇಳಿಜಾರಿನ ಕಾಂಕ್ರೀಟ್ ಜೆಟ್ಟಿ (ದಕ್ಕೆ) ಮೇಲೆ. ನೀರು ಇಳಿದಾಗ ಪಾಚಿ ಬಿದ್ದ ಭಾಗ ಹೊರಗೆ ಬಂದು ಗಾಲಿ ಜಾರುತ್ತದೆ. ಸಿಗಂದೂರು ಲಾಂಚ್ ಹತ್ತಿದ ಅನುಭವದ ಮೇಲೆ ಅಂದಾಜು ಮಾಡಬೇಡಿ. ಶರಾವತಿ ಹಿನ್ನೀರಿಗೆ ಉಬ್ಬರ–ಇಳಿತ ಇಲ್ಲ. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಅಲ್ಲಿ ಆ ಪ್ರಶ್ನೆಯೂ ಇಲ್ಲ.

ಗ್ಯಾಸು. ಮನೆಯ 14.2 ಕೆಜಿ ಸಿಲಿಂಡರ್ ಗಾಡಿಯಲ್ಲಿ ಇಡುವುದೇ ತಪ್ಪು. 5 ಕೆಜಿಯದು ಸಾಕು, ಅದೂ ನೆಟ್ಟಗೆ ನಿಲ್ಲಿಸಿ ಪಟ್ಟಿ ಕಟ್ಟಿದ ಪೆಟ್ಟಿಗೆಯಲ್ಲಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಆದ್ದರಿಂದ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಬೇಕು. ಹಡಗಿನ ಮುಚ್ಚಿದ ಡೆಕ್ಕಿನಲ್ಲಿ ಹೊರಕ್ಕೆ ಬಿದ್ದ ಗ್ಯಾಸೂ ಅಲ್ಲೇ ಉಳಿಯುವುದರಿಂದ, ಸಾಲಿನಲ್ಲೇ ವಾಲ್ವ್ ಮುಚ್ಚಿ, ರೆಗ್ಯುಲೇಟರ್ ತೆಗೆದು, ಮೂತಿಗೆ ಕ್ಯಾಪ್ ಹಾಕಿ. ಸಿಲಿಂಡರ್ ಇದೆ ಎಂದು ಕೌಂಟರಿನಲ್ಲಿ ಹೇಳಿ. ಬೇಡ ಅಂದರೆ ವಾದ ಬೇಡ. ಒಂದು ಇಂಡಕ್ಷನ್ ಒಲೆ ಇಟ್ಟುಕೊಂಡವರು ಸಿಲಿಂಡರನ್ನು ಊರಲ್ಲೇ ಬಿಟ್ಟು ಬರಬಹುದು. ಜೊತೆಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಎರಡು ದಿನ ಒಲೆಯ ನೆನಪೂ ಬರುವುದಿಲ್ಲ.

ಮೊಸರು ಕೆಡದಿರಬೇಕಾದರೆ ಫ್ರಿಜ್ ನಡೆಯಬೇಕು. ಡೆಕ್ಕಿನಲ್ಲಿ ಎಂಜಿನ್ ಬಂದ್, ಮೇಲೆ ಬಿಸಿಲಿಲ್ಲ, ಸೋಲಾರ್ ಇಲ್ಲ, ಪ್ಲಗ್ಗೂ ಇಲ್ಲ. 12 ವೋಲ್ಟ್ ಕಂಪ್ರೆಸರ್ ಫ್ರಿಜ್ ನಡೆಯುವಾಗ 4 ಆಂಪಿಯರ್ ಎಳೆಯುತ್ತದೆ, ಅರ್ಧ ಹೊತ್ತು ನಡೆಯುತ್ತದೆ ಎಂದರೆ ತಾಸಿಗೆ 2 ಆಂಪಿಯರ್–ತಾಸು. ಏಳು ತಾಸಿಗೆ 14. ಸೀಸದ 100 ಆಂಪಿಯರ್–ತಾಸಿನ ಬ್ಯಾಟರಿಯಲ್ಲಿ ಬಳಸಬಹುದಾದದ್ದು 50, ಚಿಂತೆ ಇಲ್ಲ. ಗ್ಯಾಸ್–ಕರೆಂಟ್ ಎರಡರಲ್ಲೂ ನಡೆಯುವ ಹಳೆಯ ಮಾದರಿ ಆದರೆ ಕಥೆ ಬೇರೆ. ಗ್ಯಾಸ್ ಮುಚ್ಚಿದ ಮೇಲೆ ಅದು 12 ವೋಲ್ಟಿನಲ್ಲಿ ಬಿಡುವಿಲ್ಲದೆ 8–10 ಆಂಪಿಯರ್ ಎಳೆಯುತ್ತದೆ. ಘೋಘಾ ಬರುವ ಹೊತ್ತಿಗೆ ಬ್ಯಾಟರಿ ಕೈ ಎತ್ತಿರುತ್ತದೆ. ಅಂಥದ್ದನ್ನು ಪೂರ್ತಿ ಬಂದ್ ಮಾಡಿ, ಹಿಂದಿನ ರಾತ್ರಿ ಗಟ್ಟಿ ಮಾಡಿದ ಒಂದು ಲೀಟರಿನ ನಾಲ್ಕು ನೀರಿನ ಬಾಟಲಿ ಒಳಗಿಟ್ಟು, ಬಾಗಿಲು ತೆಗೆಯದೆ ಬಿಡಿ. ಇನ್‌ವರ್ಟರ್, ರೂಫ್ ಫ್ಯಾನ್, ನೀರಿನ ಪಂಪ್ ಎಲ್ಲ ಆಫ್. ಕಳ್ಳ ಅಲಾರಂ ಕೂಡ ಆಫ್, ಇಲ್ಲದಿದ್ದರೆ ಹಡಗು ಅಲುಗಿದಾಗಲೆಲ್ಲ ಕೂಗುತ್ತದೆ.

ಗಾಡಿ ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್, ಮೊದಲನೇ ಗೇರು, ಗಾಲಿಗೆ ಕಟ್ಟಿಗೆಯ ಅಡ್ಡ. ಸಿಬ್ಬಂದಿ ಬೆಲ್ಟ್ ಬಿಗಿಯುವಾಗ ಹತ್ತಿರ ನಿಂತು ಕೊಂಡಿ ಎಲ್ಲಿ ಹಾಕಬೇಕು ತೋರಿಸಿ. ಹಿಂದಿನ ಆಕ್ಸಲ್ ಪಕ್ಕದಲ್ಲೇ ಬ್ರೇಕ್ ಪೈಪ್ ಓಡುತ್ತದೆ, ಅದರ ಮೇಲೆ ಬೆಲ್ಟ್ ಕೂತರೆ ಪೈಪ್ ಚಪ್ಪಟೆ. ಆಮೇಲೆ ಹಡಗು ನಡೆಯುವಾಗ ಗಾಡಿ ಹತ್ತಿರ ಬರಲು ಬಿಡುವುದಿಲ್ಲ. ಔಷಧ, ಕುಡಿಯುವ ನೀರು, ಮಕ್ಕಳ ಬಟ್ಟೆ, ಬುತ್ತಿ ಒಂದು ಚೀಲದಲ್ಲಿ ಮೊದಲೇ ಹೊರಗಿರಲಿ. ವಾಂತಿಯ ಮಾತ್ರೆ ಹಡಗು ಅಲುಗಿದ ಮೇಲೆ ನುಂಗಿದರೆ ಉಪಯೋಗ ಇಲ್ಲ, ಮೊದಲೇ ತಗೊಳ್ಳಬೇಕು. ಮಕ್ಕಳಿಗಾದರೆ ಪ್ರಮಾಣ ಡಾಕ್ಟರನ್ನು ಕೇಳಿ. ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ, ಕೂರುವುದು ಹಡಗಿನ ನಡುಭಾಗದಲ್ಲಿ.

ಇನ್ನೊಂದು, ಎಣ್ಣೆ ಬಾಟಲಿ. ಗುಜರಾತಿನಲ್ಲಿ ಪಾನನಿಷೇಧ ಇದೆ. ಕ್ಯಾಂಪರ್ ಕಂಡರೆ ತಪಾಸಣೆಗೆ ನಿಲ್ಲಿಸುವುದು ಸಾಮಾನ್ಯ, ಅಡುಗೆ ಕಪಾಟೂ ತೆಗೆಸುತ್ತಾರೆ. ದೀವ್ ಕೇಂದ್ರಾಡಳಿತ ಪ್ರದೇಶ, ಅಲ್ಲಿ ಸಿಗುತ್ತದೆ, ಆದರೆ ಅಲ್ಲಿಂದ ಊನಾ ಕಡೆಗೆ ದಾಟಿಸಿದರೂ ಅದೇ ಕಾಯ್ದೆ.

ಬರುವಾಗ ರಸ್ತೆ ಯಾಕೆ ಅಂದರೆ, ಈ ಹಡಗು ಹವಾಮಾನ ಮತ್ತು ಹೂಳಿನ ಕೈಯಲ್ಲಿದೆ. 2017ರಲ್ಲಿ ಇದು ಶುರುವಾದದ್ದು ಘೋಘಾ–ದಹೇಜ್ ನಡುವೆ. ದಹೇಜ್ ಕಡೆ ಹೂಳು ತುಂಬಿ ಹಡಗಿಗೆ ಬೇಕಾದ ಆಳ ಸಿಗದೆ 2019ರಲ್ಲಿ ನಿಂತಿತು. 2020ರ ನವೆಂಬರ್‌ನಲ್ಲಿ ಹಜೀರಾಕ್ಕೆ ಬದಲಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಒರಟು, ನಾವು ಆಗ ಹಡಗಿನ ಮೇಲೆ ಲೆಕ್ಕ ಇಡುವುದಿಲ್ಲ. ಹೇಗೂ ಗಿರ್ ಸಫಾರಿ ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಬಂದ್. ಹೋಗುವಾಗ ಹಜೀರಾದಲ್ಲಿ ಹಡಗು ರದ್ದಾದರೆ ನಷ್ಟ ಅರ್ಧ ದಿನ. ಸೂರತ್‌ನಿಂದ ಹೆದ್ದಾರಿ 48 ಹಿಡಿದು ವಡೋದರಾ ಕಡೆ ತಿರುಗಿದರಾಯಿತು, ಮುಂದೆ ರಜೆ ಇನ್ನೂ ಬಾಕಿ ಇದೆ. ಬರುವಾಗ ಘೋಘಾದಲ್ಲಿ ರದ್ದಾದರೆ ಸೋಮವಾರದ ಆಫೀಸು ತಪ್ಪುತ್ತದೆ. ಸೋಮನಾಥ, ದ್ವಾರಕೆ ಮುಗಿಸಿದವರು ಹಡಗಿಗಾಗಿ ಭಾವನಗರಕ್ಕೆ ವಾಪಸು ಬರುವುದೂ ಸುತ್ತೇ. ರಾಜ್‌ಕೋಟ್, ಬಗೋದರಾ, ವಡೋದರಾ ಮೇಲೆ ಇಳಿದು, ಅಲ್ಲಿಂದ ಭರೂಚ್‌ವರೆಗೆ ಹೊಸ ಎಕ್ಸ್‌ಪ್ರೆಸ್‌ವೇ ಹಿಡಿಯಬಹುದು.

ಘೋಘಾದಲ್ಲಿ ಇಳಿದ ದಿನವೇ ಭಾವನಗರದಲ್ಲಿ ಯಾವುದಾದರೂ ವಾಷಿಂಗ್ ಸೆಂಟರ್ ಹುಡುಕಿ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಪಾಟಾ, ಬ್ರೇಕ್ ಡ್ರಮ್ಮಿನ ಹಿಂಬದಿ, ಸ್ಟೆಪ್ನಿಯ ಸರಪಳಿ, ಬ್ಯಾಟರಿಯ ಅರ್ಥ್ ವೈರ್ ಕೂರುವ ಬೋಲ್ಟು, ಈ ನಾಲ್ಕು ಕಡೆ ನೀರು ಬಿಡಿಸಿ. ಆಮೇಲೆ ಹತ್ತಿಪ್ಪತ್ತು ಸಲ ಬ್ರೇಕ್ ಹಿಡಿದು ಡ್ರಮ್ಮು ಒಣಗಿಸಿ. ಊರಿಗೆ ಹೋಗಿ ತೊಳೆಸಿದರಾಯಿತು ಎಂದು ಬಿಟ್ಟರೆ ಹತ್ತು ದಿನ ಉಪ್ಪು ಪಾಟಾಗಳ ಸಂದಿಯಲ್ಲಿ ಕೂತೇ ಇರುತ್ತದೆ. ಮಳೆಗಾಲದ ಹೊತ್ತಿಗೆ ಪಾಟಾ ಕಿರ್ ಎನ್ನಲು ಶುರು ಮಾಡುವುದು ಅಲ್ಲಿಂದಲೇ.