ಪುಷ್ಯ ಮಳೆಯಲ್ಲಿ ಹೊರಟ ಗಾಲ್ಫ್ ಪ್ರವಾಸ

ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಎಂದರೆ ಎಲ್ಲರೂ ಸೇಂಟ್ ಆಂಡ್ರ್ಯೂಸ್ ಹೆಸರೇ ಹೇಳುತ್ತಾರೆ. ನಾನು ಆರಿಸಿಕೊಂಡದ್ದು ಎಡಿನ್‌ಬರೋ ಪಕ್ಕದ ಡಾಲ್ಮಹಾಯ್ ಎಸ್ಟೇಟ್. ಆಲ್ದೂರು ಕಡೆಯ ಕಾಫಿ ತೋಟದಲ್ಲಿ ಬೆಳೆದವನು ನಾನು. ಹಳೇ ಎಸ್ಟೇಟೊಂದು ಬಂಗಲೆಯನ್ನೂ ದೊಡ್ಡ ಮರಗಳನ್ನೂ ಉಳಿಸಿಕೊಂಡೇ ಗಾಲ್ಫ್ ಮೈದಾನವಾದದ್ದನ್ನು ನೋಡುವ ಆಸೆ ಬಹಳ ದಿನದಿಂದ ಇತ್ತು. ಅಲ್ಲಿನ ಬಂಗಲೆ 1725ರದ್ದು, ವಾಸ್ತುಶಿಲ್ಪಿ ವಿಲಿಯಂ ಆಡಂ ರೂಪಿಸಿದ್ದು. ಮೈದಾನಗಳೆರಡು, ಈಸ್ಟ್ ಮತ್ತು ವೆಸ್ಟ್. ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿಯಾದ ಓಪನ್ ಅನ್ನು ಐದು ಸಲ ಗೆದ್ದ ಜೇಮ್ಸ್ ಬ್ರೇಡ್ 1927ರಲ್ಲಿ ರೂಪಿಸಿದವು. 1992ರಲ್ಲಿ ಯುರೋಪಿನ ಮಹಿಳೆಯರು ಅಮೆರಿಕವನ್ನು ಸೋಲಿಸಿ ಸಾಲ್ಹೈಮ್ ಕಪ್ ಗೆದ್ದದ್ದೂ ಇಲ್ಲೇ.

ದಿನ ಗೊತ್ತು ಮಾಡಿದ್ದು ನಮ್ಮ ತೋಟದ ಲೆಕ್ಕದಲ್ಲೇ. ನವೆಂಬರಿನಿಂದ ಕೊಯ್ಲು, ಆಮೇಲೆ ಕಾಫಿ ಹೂ ಬಿಡಿಸುವ ಹೂಮಳೆಯ ಕಾಯುವಿಕೆ, ಮುಂಗಾರಿಗೆ ಮುಂಚೆ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ. ಇವುಗಳ ನಡುವೆ ಮನೆ ಬಿಡುವ ಹಾಗಿಲ್ಲ. ಪುಷ್ಯ ಮಳೆ ಹಿಡಿದ ಜುಲೈ ಕೊನೆಯಲ್ಲಿ ತೋಟದ ಕೆಲಸ ತುಸು ಸಡಿಲ. ನಮ್ಮ ಕಡೆ ಗಾಲ್ಫ್ ಆಡಲೂ ಆಗದಷ್ಟು ನೆಲ ನೆನೆದಿರುತ್ತದೆ. ಅಲ್ಲಿ ಆಗ ಬೇಸಿಗೆ, ರಾತ್ರಿ ಒಂಬತ್ತರವರೆಗೂ ಬೆಳಕು. ಆಗಸ್ಟಿಗೆ ಮುಂದೂಡಬೇಡಿ. 1947ರಲ್ಲಿ ಶುರುವಾದ ಎಡಿನ್‌ಬರೋ ಉತ್ಸವ ಆ ತಿಂಗಳಲ್ಲಿ ನಡೆಯುವುದರಿಂದ ಊರಿನ ಕೋಣೆಗಳ ಬಾಡಿಗೆ ಏರಿಬಿಡುತ್ತದೆ.

ವೀಸಾ, ಟಿಕೆಟ್ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಟೀ ಟೈಮ್, ಅಂದರೆ ಆಟ ಶುರುಮಾಡುವ ನಿಗದಿತ ಹೊತ್ತು, ಮಾತ್ರ ಮೊದಲೇ ಕಾಯ್ದಿರಿಸಿ. ಪ್ರಯಾಣದ ಆಯಾಸ ಇಳಿಯದ ಮೊದಲ ದಿನಕ್ಕೆ ಚಿಕ್ಕದಾದ ವೆಸ್ಟ್, ಮೈ ಹಗುರಾದ ಮೇಲೆ ಉದ್ದದ ಈಸ್ಟ್ ಎಂದು ಹಂಚಿಕೊಂಡೆ. ಚೆಂಡು ಹೊಡೆಯುವ ಕ್ಲಬ್‌ಗಳನ್ನು ಹೊತ್ತೊಯ್ಯದೆ ಬಾಡಿಗೆಗೆ ತೆಗೆದುಕೊಂಡೆ. ಶೂ ಮಾತ್ರ ನಮ್ಮದೇ, ಮಲೆನಾಡಿನ ಕೆಸರು ಒಂದಿಷ್ಟೂ ಉಳಿಯದಂತೆ ತೊಳೆದು ಒಣಗಿಸಿದ್ದು. ಒಂದು ತೋಟದ ಮಣ್ಣಿನ ರೋಗವನ್ನು ಇನ್ನೊಂದಕ್ಕೆ ಒಯ್ಯಬಾರದೆಂಬ ಎಚ್ಚರ ಕಾಫಿಯವರಿಗೆ ರಕ್ತಗತ. ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಪತ್ರ, ಮಳೆಯಂಗಿ, ತೆಳುವಾದ ಸ್ವೆಟರ್ ಚೀಲದಲ್ಲಿರಲಿ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಆಡದವರ ಬಗ್ಗೆ. ಹೆಂಡತಿಗೂ ಅಮ್ಮನಿಗೂ ಗಾಲ್ಫ್ ಬೇಡ. ನಾಲ್ಕೈದು ಗಂಟೆ ಅವರು ಬಂಗಲೆಯೊಳಗೇ ಕೂತಿರಬೇಕೇ? ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಓದಿದಾಗ ಸಮಾಧಾನವಾಯಿತು. ಅಲ್ಲಿ ಯಾರು ಬೇಕಾದರೂ ಖಾಸಗಿ ಎಸ್ಟೇಟಿನ ಬಹುಪಾಲು ನೆಲದಲ್ಲಿ ಜವಾಬ್ದಾರಿಯಿಂದ ನಡೆಯಬಹುದು. ಗಾಲ್ಫ್ ಮೈದಾನವನ್ನೂ ದಾಟಬಹುದು, ಕುಳಿಯ ಸುತ್ತಲ ನುಣುಪು ಹುಲ್ಲಿನ ಗ್ರೀನ್ ಮೇಲೆ ಕಾಲಿಡಬಾರದು, ಆಟಕ್ಕೆ ಅಡ್ಡಿಯಾಗಬಾರದು, ಅಷ್ಟೆ. ಬೇಲಿ, ಗೇಟು, ಕಾವಲುಗಾರ ಇದ್ದರೇ ತೋಟ ಎಂದುಕೊಂಡ ನಮಗೆ ಇದು ದೊಡ್ಡ ಪಾಠವೆಂದೇ ನನ್ನ ಅಭಿಪ್ರಾಯ. ಹೊಡೆಯಲು ನಿಂತವರನ್ನು ಕಂಡರೆ ಅವರ ಹೊಡೆತ ಮುಗಿಯುವವರೆಗೆ ಮಾತಿಲ್ಲದೆ ನಿಲ್ಲಿ ಎಂದಷ್ಟೇ ಇಬ್ಬರಿಗೂ ಹೇಳಿಕೊಟ್ಟೆ. ಅಮ್ಮ ಮರಗಳ ನಡುವಿನ ದಾರಿ ಹಿಡಿದರು, ನಾನು ಆಟಕ್ಕೆ ಹೋದೆ.

ಭಾನುವಾರವೊಂದನ್ನು ಸೇಂಟ್ ಆಂಡ್ರ್ಯೂಸ್‌ಗೆ ಇಟ್ಟುಕೊಳ್ಳಿ. ಆ ದಿನ ಅಲ್ಲಿನ ಹೆಸರಾಂತ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟವಿಲ್ಲ, ಊರವರು ನಾಯಿ ಮಕ್ಕಳೊಂದಿಗೆ ಅದರ ಮೇಲೆ ಓಡಾಡುತ್ತಾರೆ. ಟೀ ಟೈಮ್ ಸಿಗದಿದ್ದವರೂ ಆ ಮೈದಾನದ ಹಳೆಯ ಕಲ್ಲಿನ ಸ್ವಿಲ್ಕನ್ ಸೇತುವೆಯ ಮೇಲೆ ನಿಂತು ಬರಬಹುದು, ಖರ್ಚಿಲ್ಲದೆ.