ಸೊಂಟ ಮುರಿದವರನ್ನು ನೋವಿಲ್ಲದೆ ಕೂರಿಸುವುದು: ಪೆಂಗ್ ಬ್ಲಾಕ್‌ನಲ್ಲಿ ನನ್ನ ಅನುಭವ

ನಾನು ನಮ್ಮ ಜಿಲ್ಲೆಯ ಮೂರ್ನಾಲ್ಕು ನರ್ಸಿಂಗ್ ಹೋಮ್‌ಗಳು ಕರೆದಾಗ ಹೋಗುವ ಅನಸ್ತೇಶಿಯಾ ಡಾಕ್ಟರ್. ಸಿಸೇರಿಯನ್, ಹರ್ನಿಯಾ, ಮೂಳೆ ಕೇಸು, ಇಷ್ಟೇ. ಮೂಳೆ ಕೇಸಿನಲ್ಲಿ ಸೊಂಟ, ಅಂದರೆ ಸೊಂಟದ ಕೀಲಿನ ಹತ್ತಿರ ತೊಡೆಮೂಳೆ, ಮುರಿದುಕೊಂಡ ವಯಸ್ಸಾದವರೇ ಜಾಸ್ತಿ. ಬಚ್ಚಲಲ್ಲಿ ಜಾರಿದವರು, ಹೊಸಿಲು ಎಡವಿದವರು, ಮೊದಲು ನಾಟಿ ಕಟ್ಟು ಹಾಕಿಸಿ ನಾಲ್ಕು ದಿನ ಕಳೆದ ಮೇಲೆ ಬರುವವರು.

ಇವರಿಗೆ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್) ಕೊಡುವುದು ಕಷ್ಟವಲ್ಲ, ಕೊಡಲು ಕೂರಿಸುವುದು ಕಷ್ಟ. ಆಪರೇಷನ್ ಥಿಯೇಟರ್ (ಒಟಿ) ಹುಡುಗರು ಇಬ್ಬರು ಹಿಡಿದು ಎಬ್ಬಿಸುವಾಗ ಅಜ್ಜಿ 'ಮುಟ್ಬ್ಯಾಡ ಕಣಪ್ಪಾ' ಅಂತ ಕೂಗುವುದು ಹೊರಗೆ ನಿಂತ ಮಗನಿಗೂ ಕೇಳಿಸುತ್ತದೆ. ಬಿಪಿ 200 ದಾಟುತ್ತದೆ. ನೋವಿಗೆ ಅಂತ ಫೆಂಟಾನಿಲ್ ಕೊಟ್ಟರೆ ರಕ್ತದ ಆಮ್ಲಜನಕ ಇಳಿಯುತ್ತದೆ, ಟ್ರಮಡಾಲ್ ಕೊಟ್ಟರೆ ವಾಂತಿ, ಕೆಟಮಿನ್ ಸ್ವಲ್ಪ ಹೆಚ್ಚಾದರೆ ಆಸಾಮಿ ಬೇರೆ ಲೋಕದಲ್ಲಿರುತ್ತಾನೆ. ಇದೆಲ್ಲ ನಿಮಗೂ ಗೊತ್ತು, ಅಲ್ವಾ?

ಕೂರಿಸುವ ಮೊದಲು ಆ ಜಾಗದ ನರಗಳನ್ನು ಔಷಧಿ ಚುಚ್ಚಿ ಮರಗಟ್ಟಿಸುವುದೇ ಬ್ಲಾಕ್. ಪೆಂಗ್ ಅಂಥದ್ದೊಂದು, ಸೊಂಟದ ಕೀಲಿನ ನರಗಳಿಗೆ. ಅದಕ್ಕೂ ಮೊದಲು ಫೇಶಿಯಾ ಇಲಿಯಾಕಾ ಅನ್ನುವ ತೊಡೆಸಂದಿಯ ಬ್ಲಾಕ್ ಮಾಡುತ್ತಿದ್ದೆ, ಅಲ್ಟ್ರಾಸೌಂಡ್ ಮೆಷಿನ್ ಇಲ್ಲದೆ, ಕೈ ಅಂದಾಜಿನಲ್ಲಿ. ಸೂಜಿ ಎರಡು ಪದರ ದಾಟುವಾಗ ಎರಡು ಸಲ 'ಟಕ್' ಅನ್ನಬೇಕು ಅಂತ ಓದಿದ್ದೇವೆ. ನಮ್ಮ ಮೊಂಡು ಸೂಜಿಯಲ್ಲಿ ಕೆಲವರಿಗೆ ಮೂರು ಸಲ ಅನ್ನುತ್ತಿತ್ತು, ಕೆಲವರಿಗೆ ಒಂದೂ ಇಲ್ಲ. ಸುಮಾರು ಅರ್ಧ ಜನಕ್ಕೆ ಕೆಲಸ ಮಾಡಿತು. ಉಳಿದರ್ಧ ಜನರನ್ನು ನೋಡಿ ಸರ್ಜನ್, 'ಏನ್ ಡಾಕ್ಟ್ರೇ, ಸುಮ್ನೆ ಅರ್ಧ ಗಂಟೆ ಹೋಯ್ತಲ್ಲ, ಬೆನ್ನಿಗೊಂದು ಕೊಟ್ಟು ಮುಗಿಸಬಾರದಾ' ಅನ್ನುತ್ತಿದ್ದರು. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಆಮೇಲೆ ಮೆಷಿನ್ ಕಥೆ. ಸೆಕೆಂಡ್ ಹ್ಯಾಂಡ್ ಅಲ್ಟ್ರಾಸೌಂಡ್ ಮೂರು ಲಕ್ಷದ ಆಸುಪಾಸು ಸಿಗುತ್ತಿತ್ತು. ಕೊಳ್ಳುವುದು ಸುಲಭ, ಇಟ್ಟುಕೊಳ್ಳುವುದು ಕಷ್ಟ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಗೆ ನಾವು ಗರ್ಭಿಣಿಯ ಹೊಟ್ಟೆ ನೋಡುತ್ತೇವೋ ಮುದುಕರ ತೊಡೆ ನೋಡುತ್ತೇವೋ ಅನ್ನುವುದು ಬೇಕಿಲ್ಲ, ಮೆಷಿನ್ ಅಂದರೆ ನೋಂದಣಿ ಆಗಲೇಬೇಕು. ಪೋರ್ಟಬಲ್ ಅಂತ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ಯುವ ಹಾಗೂ ಇಲ್ಲ. ನಮ್ಮಂಥ ಊರೂರು ತಿರುಗುವವರಿಗೆ ಇದೇ ದೊಡ್ಡ ತಡೆ. ಕೊನೆಗೆ ಎರಡು ನರ್ಸಿಂಗ್ ಹೋಮ್‌ನವರನ್ನು ಒಪ್ಪಿಸಿ, ಅವರವರ ಹೆಸರಿನಲ್ಲೇ ಮೆಷಿನ್ ನೋಂದಣಿ ಮಾಡಿಸಿದೆ. ಒಂದು ಕಡೆ ಅರ್ಧ ದುಡ್ಡು ನನ್ನದು. ಫೈಲ್ ಓಡಾಡಿ ಮುಗಿಯುವ ಹೊತ್ತಿಗೆ ಮಳೆಗಾಲ ಹೋಗಿ ಬೇಸಿಗೆ ಬಂದಿತ್ತು.

ಪೆಂಗ್ ಬ್ಲಾಕ್ 2018ರಲ್ಲಿ ಟೊರೊಂಟೊ ಕಡೆಯಿಂದ ಬಂದದ್ದು. ಮಾಡುವುದು ಹೇಗೆ ಅಂತ ವಿಡಿಯೊಗಳಲ್ಲಿದೆ, ಅದನ್ನೇ ಮತ್ತೆ ಬರೆಯುವುದಿಲ್ಲ. ನಾನು ಬಳಸುವುದು ಕರ್ವಿಲಿನಿಯರ್ ಪ್ರೋಬ್, ಅಂದರೆ ಆಳದವರೆಗೆ ತೋರಿಸುವ ಬಾಗಿದ ಮುಖದ್ದು. ಲೀನಿಯರ್‌ನಲ್ಲಿ ತೆಳ್ಳಗಿನವರಿಗೆ ಸಿಗುತ್ತದೆ, ಸ್ವಲ್ಪ ದಪ್ಪ ಇದ್ದರೆ ಮೂಳೆಯೇ ಕಾಣುವುದಿಲ್ಲ, ಅಲ್ಲೇ ನನ್ನ ಶುರುವಿನ ಕೇಸುಗಳು ಬಹಳ ಕೆಟ್ಟವು. ಔಷಧಿ ಹೋದಾಗ ಸೋಆಸ್ ಟೆಂಡನ್ (ಸೊಂಟದ ಮುಂದಿನ ಸ್ನಾಯುವಿನ ರಜ್ಜು) ಮೂಳೆಯಿಂದ ಮೇಲೇಳಬೇಕು. ಏಳದೆ ಸ್ನಾಯುವಿನೊಳಗೆ ಮೋಡ ಕಟ್ಟಿದ ಹಾಗೆ ಹರಡಿದರೆ ನಿಲ್ಲಿಸಿ, ಸೂಜಿ ಸರಿಮಾಡಿ. ಹಾಗೇ ತಳ್ಳಿದರೆ ನೋವೂ ಹೋಗುವುದಿಲ್ಲ, ಮಂಡಿ ನೇರ ಮಾಡುವ ಬಲ ಮಾತ್ರ ಹೋಗುತ್ತದೆ, ಮಾರನೇ ದಿನ ಫಿಸಿಯೊ ಬಂದು ನಮ್ಮನ್ನೇ ಬೈಯುತ್ತಾರೆ. ಮರಗಟ್ಟಿಸುವ ಔಷಧಿ ರೋಪಿವಕೇನ್ 0.5 ಶೇಕಡಾ ಹದಿನೈದು ಎಂಎಲ್, ಐದು ಎಂಎಲ್ ಸಲೈನ್. ಒಟ್ಟು ಇಪ್ಪತ್ತು. 40 ಕೆಜಿ ಇರುವ ಅಜ್ಜಿಗೆ ಇನ್ನೂ ಕಡಿಮೆ. ಸರ್ಜನ್ ಕೊನೆಯಲ್ಲಿ ಗಾಯಕ್ಕೆ ಹಾಕುವ ಬುಪಿವಕೇನ್ (ಇದೂ ಅದೇ ಜಾತಿ) ಕೂಡ ಲೆಕ್ಕಕ್ಕೆ ಸೇರಿಸಿ. ಈ ಔಷಧಿ ಮೈಗೆ ವಿಷವಾದರೆ ಕೊಡುವ 20 ಶೇಕಡಾ ಇಂಟ್ರಾಲಿಪಿಡ್ ಬಾಟಲಿ ಒಟಿಯಲ್ಲಿ ಇಲ್ಲದೆ ನಾನು ಸೂಜಿ ಮುಟ್ಟುವುದಿಲ್ಲ.

ಇನ್ನೊಂದು ವಿಷಯ, ಕಾಯಬೇಕು. ಹದಿನೈದು, ಇಪ್ಪತ್ತು ನಿಮಿಷ. ಬ್ಲಾಕ್ ಫೇಲ್ ಅಂತ ಹೇಳುವವರಲ್ಲಿ ಅರ್ಧ ಜನ ಐದು ನಿಮಿಷಕ್ಕೇ ಕಾಲು ಎತ್ತಿ ನೋಡಿದವರು. ನಾನೀಗ ಒಟಿಯಲ್ಲಿ ಮಾಡುವುದನ್ನೇ ಬಿಟ್ಟಿದ್ದೇನೆ. ಹಿಂದಿನ ಕೇಸ್ ನಡೆಯುತ್ತಿರುವಾಗ ಪಕ್ಕದ ರೂಮಿನಲ್ಲಿ ಮಾನಿಟರ್ ಹಾಕಿ, ಸಿಸ್ಟರ್ ಒಬ್ಬರನ್ನು ಜೊತೆಗಿಟ್ಟು ಮುಗಿಸುತ್ತೇನೆ. ಸರ್ಜನ್‌ಗೆ ಒಂದು ನಿಮಿಷವೂ ಹಾಳಾಗುವುದಿಲ್ಲ. ದಪ್ಪ ಮೈಯವರಲ್ಲಿ ಮೂಳೆ ಬೇಗ ಸಿಗಲು ಪ್ರೋಬ್ ಒಂದು ರೀತಿ ಹಿಡಿಯುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಒಟಿಗೆ ಬಂದರೆ ತೋರಿಸುತ್ತೇನೆ.

ಈಗ ಹತ್ತರಲ್ಲಿ ಎಂಟು ಜನ ತಾವೇ ಕೈಯೂರಿ ಎದ್ದು ಕೂರುತ್ತಾರೆ. ಹಿಂದೆ ನಗುತ್ತಿದ್ದ ಅದೇ ಸರ್ಜನ್ ಈಗ ಕೇಸ್ ಹೇಳುವಾಗಲೇ 'ಆ ಬ್ಲಾಕ್ ಹಾಕಿಬಿಡಿ' ಅನ್ನುತ್ತಾರೆ. ಮುರಿತ ತೊಡೆಮೂಳೆಯ ಕೆಳಭಾಗದಲ್ಲಿದ್ದರೆ ಮಾತ್ರ ಪೆಂಗ್ ನಂಬಬೇಡಿ, ತೊಡೆಯ ಮುಂದಿನ ದೊಡ್ಡ ನರದ ಬ್ಲಾಕ್ ಆದ ಫೆಮೊರಲ್‌ಗೆ ಹೋಗಿ. ಚರ್ಮ ಕೊಯ್ಯುವ ನೋವಿಗೂ ಇದು ಸಾಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ತಿನ್ನುತ್ತಿದ್ದು ಆಪರೇಷನ್‌ಗೆ ಕಾಯುವವರಿಗೆ ನಾನು ಅಷ್ಟು ಆಳಕ್ಕೆ ಹೋಗದೆ, ಮೆಷಿನ್ ನೋಡಿಕೊಂಡೇ ಫೇಶಿಯಾ ಇಲಿಯಾಕಾ ಕೊಡುತ್ತೇನೆ.

ಸ್ಪೈನಲ್ಲೋ ಜನರಲ್ಲೋ (ಪೂರ್ತಿ ಪ್ರಜ್ಞೆ ತಪ್ಪಿಸುವುದು) ಅಂತ ನಾವು ವರ್ಷಗಟ್ಟಲೆ ಕಿತ್ತಾಡಿದ್ದೇವೆ. 2021ರಲ್ಲಿ ಅಮೆರಿಕ, ಕೆನಡಾದ ರೀಗೇನ್ ಅಧ್ಯಯನ ಬಂತು, ಸುಮಾರು 1600 ರೋಗಿಗಳು. ಅರವತ್ತು ದಿನದ ಹೊತ್ತಿಗೆ ಸಾವಿನಲ್ಲೂ ನಡಿಗೆಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. 2022ರಲ್ಲಿ ಚೀನಾದ ರಾಗಾ ಅಧ್ಯಯನ, ಡೆಲಿರಿಯಂ (ಆಪರೇಷನ್ ನಂತರ ತಲೆ ಗೊಂದಲವಾಗುವುದು) ವಿಷಯದಲ್ಲೂ ಅದೇ ಉತ್ತರ. ಆದರೆ ನರದ ಬ್ಲಾಕ್‌ಗಳ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡುವ 2020ರ ಕಾಕ್ರೇನ್ ವಿಮರ್ಶೆ ನೋಡಿ. ಕಾಲು ಅಲ್ಲಾಡಿಸಿದಾಗಿನ ನೋವು ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಡೆಲಿರಿಯಂ ಕಡಿಮೆ, ಎದೆಯ ಸೋಂಕೂ ಕಡಿಮೆ, ಬೇಗ ಎದ್ದು ಓಡಾಡುತ್ತಾರೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಯಾವ ಅನಸ್ತೇಶಿಯಾ ಅನ್ನುವ ಜಗಳಕ್ಕೆ ಕೊಡುವ ಹೊತ್ತಿನ ಕಾಲು ಭಾಗ ಬ್ಲಾಕ್‌ಗೆ ಕೊಟ್ಟರೆ ರೋಗಿಗೆ ಜಾಸ್ತಿ ಲಾಭ. ರಾತ್ರಿ ಮಂಚದಿಂದ ಇಳಿಯಲು ಹೋಗುವ, ಎಂದೋ ಸತ್ತ ತಮ್ಮನನ್ನು ಕರೆಯುವ ಅಜ್ಜಂದಿರು ನಮ್ಮ ವಾರ್ಡಿನಲ್ಲಿ ಮೊದಲಿಗಿಂತ ಕಡಿಮೆ ಅಂತ ನೈಟ್ ಸಿಸ್ಟರ್‌ಗಳೇ ಹೇಳುತ್ತಾರೆ. ನಾನು ಲೆಕ್ಕ ಇಟ್ಟಿಲ್ಲ.

ಮೆಷಿನ್ ಇದೆಯಲ್ಲ ಅಂತ ಪಕ್ಕೆಲುಬು ಮುರಿದ ಬೈಕ್ ಕೇಸುಗಳಿಗೆ ಬೆನ್ನಿನ ಸ್ನಾಯುವಿನಡಿ ಕೊಡುವ ಎರೆಕ್ಟರ್ ಸ್ಪೈನೀ ಬ್ಲಾಕ್ ಕೂಡ ಹಾಕಿ ನೋಡಿದೆ. ಕೆಲವರು ಅಲ್ಲೇ ಆಳವಾಗಿ ಉಸಿರೆಳೆದು ಕೆಮ್ಮಿದರು, ಕೆಲವರಿಗೆ ನೀರು ಹಾಕಿದಂತೆಯೇ. ಯಾಕೆ ಹಾಗೆ ಅಂತ ಇನ್ನೂ ಹಿಡಿತ ಸಿಕ್ಕಿಲ್ಲ. ಡೆಕ್ಸಾಮೆಥಸೋನ್ ಅನ್ನುವ ಸ್ಟೆರಾಯ್ಡ್ ಸೇರಿಸಿದರೆ ಬ್ಲಾಕ್ ಜಾಸ್ತಿ ಹೊತ್ತು ನಿಲ್ಲುತ್ತದೆ, ಆದರೆ ಅದು ಶುಗರ್ ಏರಿಸುತ್ತದೆ, ನಮ್ಮ ಕಡೆ ಹತ್ತರಲ್ಲಿ ನಾಲ್ವರಿಗೆ ಶುಗರ್, ಅದಕ್ಕೇ ಬಿಟ್ಟೆ.

ದುಡ್ಡು? ಬ್ಲಾಕ್ ಸೂಜಿಗೆ ಸಾವಿರದ ಆಜುಬಾಜು, ಸ್ಪೈನಲ್ ಸೂಜಿ ನೂರು ರೂಪಾಯಿಯೂ ಇಲ್ಲ. ಸರ್ಕಾರಿ ಸ್ಕೀಮ್ ಕೇಸುಗಳಲ್ಲಿ ನನ್ನ ಕೈಗೆ ಬ್ಲಾಕ್ ಅಂತ ಬೇರೆ ಏನೂ ಬಂದಿಲ್ಲ. ಅಂಥವರಿಗೆ ಉದ್ದದ ಸ್ಪೈನಲ್ ಸೂಜಿಯಲ್ಲೇ ಮಾಡುತ್ತೇನೆ, ಸ್ಕ್ರೀನಿನಲ್ಲಿ ತುದಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಕೈ ಕುದುರಿದ ಮೇಲೆ ಸಾಕಾಗುತ್ತದೆ. ನನ್ನ ಪಾಲಿನ ಮೆಷಿನ್ ದುಡ್ಡು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಒಂದು ನರ್ಸಿಂಗ್ ಹೋಮ್‌ನವರು ಮಾತ್ರ ಬಿಲ್ಲಿನಲ್ಲಿ ಬ್ಲಾಕ್‌ಗೆ ಬೇರೆ ಸಾಲು ಹಾಕಲು ಒಪ್ಪಿದ್ದಾರೆ, ಇನ್ನೊಂದು ಕಡೆ ಮಾತುಕತೆ ನಡೆಯುತ್ತಿದೆ.